ಒಂದು ಸಲಕ್ಕೆ ಒಂದೇ ಅಂಕಿ: ಮೊದಲ ಬಾರಿ ಓವರ್‌ಕ್ಲಾಕ್ ಮಾಡಹೊರಟವರಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಡೆಸ್ಕ್‌ಟಾಪ್ ಕಂಪ್ಯೂಟರಿನ ಬದಿಯ ಮುಚ್ಚಳವನ್ನು ಬಿಚ್ಚಿಟ್ಟು, ತಯಾರಕರು ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಅದನ್ನು ಓಡಿಸಿಯೇ ತೀರಬೇಕೆಂದು, ಅಂದರೆ ಓವರ್‌ಕ್ಲಾಕ್ ಮಾಡಿಯೇ ತೀರಬೇಕೆಂದು, ಇವತ್ತು ರಾತ್ರಿ ಕೂರಲಿರುವ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಮನಸ್ಸಿನಲ್ಲಿಟ್ಟುಕೊಂಡು ನಾನು ಈ ಮಾತುಗಳನ್ನು ಬರೆದು ತಂದಿದ್ದೇನೆ. ಪಕ್ಕದ ಕೋಣೆಯಲ್ಲಿ ಕುಳಿತು, ಅದು ಸುಟ್ಟುಹೋದರೆ ಗತಿಯೇನು ಎಂದು ಚಿಂತಿಸುತ್ತಿರುವ ತಂದೆತಾಯಿಯರೂ ಕೇಳುತ್ತಿರಬಹುದು. ಅವರಿಗೆ ಮೊದಲೇ ಹೇಳಿಬಿಡುತ್ತೇನೆ: ಶಾಖದಿಂದ ಸುಡುವುದಿಲ್ಲ. ಇಂದಿನ ಪ್ರೊಸೆಸರು, ಅಂದರೆ ಕಂಪ್ಯೂಟರಿನ ಲೆಕ್ಕವನ್ನೆಲ್ಲ ಮಾಡುವ ಚಿಪ್ಪು, 95 ಅಥವಾ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಿತೆಂದರೆ ತಾನೇ ವೇಗವನ್ನು ಇಳಿಸಿಕೊಳ್ಳುತ್ತದೆ. ಅದಕ್ಕೂ ಶಾಖ ಬಗ್ಗದಿದ್ದರೆ ಯಂತ್ರವನ್ನೇ ಆರಿಸಿಬಿಡುತ್ತದೆ. ಆದ್ದರಿಂದ ನಾನು ಇವತ್ತು ಹೇಳುವ ಎಚ್ಚರಿಕೆ ಬೆಂಕಿಗೆ ಸಂಬಂಧಿಸಿದ್ದಲ್ಲ.

ನಾನು ಹೇಳಬೇಕೆಂದು ಬಂದಿರುವುದು ಒಂದೇ ಮಾತು. ಒಂದು ಸಲಕ್ಕೆ ಒಂದೇ ಅಂಕಿಯನ್ನು ಬದಲಿಸಿರಿ, ಬದಲಿಸಿದ್ದನ್ನು ಕಾಗದದ ಮೇಲೆ ಬರೆಯಿರಿ. ಇದನ್ನು ಮತ್ತೆ ಮತ್ತೆ ಹೇಳಲಿದ್ದೇನೆ, ಬೇಸರಿಸಬೇಡಿರಿ. ನನ್ನ ಬಳಿ ಸೊರಗಿದ ಯಂತ್ರವನ್ನು ಹೊತ್ತು ತರುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ, ಏನೇನು ಬದಲಿಸಿದಿರಿ ಎಂದು ಕೇಳಿದರೆ, ಸೂರು ನೋಡುತ್ತಾರೆ.

ಮೊದಲು ಈ ವೇಗವೆಂದರೇನು ಎಂಬುದನ್ನು ನೋಡೋಣ. ಪ್ರೊಸೆಸರಿನೊಳಗಿನ ಕೆಲಸವೆಲ್ಲ ತಾಳಕ್ಕೆ ತಕ್ಕಂತೆ ನಡೆಯುತ್ತದೆ. ಪ್ರೊಸೆಸರು ಕೂರುವ ಹಲಗೆಯಾದ ಮದರ್‌ಬೋರ್ಡು ಸೆಕೆಂಡಿಗೆ 10 ಕೋಟಿ ಸಲ, ಅಂದರೆ 100 ಮೆಗಾಹರ್ಟ್ಸ್ ಲೆಕ್ಕದಲ್ಲಿ, ಮೂಲ ತಾಳವನ್ನು ಹಾಕುತ್ತದೆ. ಪ್ರೊಸೆಸರು ಅದನ್ನು ತನ್ನೊಳಗೆ ಇಷ್ಟು ಪಟ್ಟು ಎಂದು ಗುಣಿಸಿಕೊಳ್ಳುತ್ತದೆ. ಈ ಗುಣಕಕ್ಕೆ ಮಲ್ಟಿಪ್ಲೈಯರ್ ಎಂದು ಹೆಸರು. ಮಲ್ಟಿಪ್ಲೈಯರ್ 42 ಆಗಿದ್ದರೆ ವೇಗ 4200 ಮೆಗಾಹರ್ಟ್ಸ್, ಅಂದರೆ 4.2 ಗಿಗಾಹರ್ಟ್ಸ್. ಒಂದು ತಾಳಕ್ಕೂ ಮುಂದಿನ ತಾಳಕ್ಕೂ ನಡುವಿನ ಬಿಡುವಿನೊಳಗೆ ಲೆಕ್ಕದ ಉತ್ತರವು ಟ್ರಾನ್ಸಿಸ್ಟರುಗಳೆಂಬ ಪುಟ್ಟ ಸ್ವಿಚ್ಚುಗಳ ಸಾಲನ್ನೆಲ್ಲ ದಾಟಿ ತನ್ನ ಜಾಗಕ್ಕೆ ಬಂದು ನಿಂತಿರಬೇಕು. ತಾಳವನ್ನು ಬಿರುಸುಗೊಳಿಸುತ್ತ ಹೋದಂತೆ, ಎಲ್ಲಕ್ಕಿಂತ ದೂರದ ದಾರಿಯಿಂದ ಬರುವ ಉತ್ತರ ತಲುಪುವ ಮುನ್ನವೇ ಮುಂದಿನ ತಾಳ ಬಿದ್ದುಬಿಡುತ್ತದೆ. 1 ಇರಬೇಕಾದ ಕಡೆ 0 ದಾಖಲಾಗುತ್ತದೆ. ಓವರ್‌ಕ್ಲಾಕಿಂಗಿನ ತೊಂದರೆಗಳೆಲ್ಲ ಹುಟ್ಟುವುದು ಇಲ್ಲಿಯೇ.

ವೋಲ್ಟೇಜನ್ನು ಕೊಂಚ ಏರಿಸಿದರೆ ಟ್ರಾನ್ಸಿಸ್ಟರುಗಳು ಚುರುಕಾಗುತ್ತವೆ, ಉತ್ತರ ಹೊತ್ತಿಗೆ ಸರಿಯಾಗಿ ತಲುಪುತ್ತದೆ. ಆದರೆ ಶಾಖ ಏರುವುದು ವೇಗದ ಪ್ರಮಾಣದಲ್ಲಿ ಮಾತ್ರವಲ್ಲ, ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿಯೂ ಹೌದು. ವೇಗವನ್ನು ನೂರಕ್ಕೆ 10ರಷ್ಟು, ವೋಲ್ಟೇಜನ್ನು ನೂರಕ್ಕೆ 10ರಷ್ಟು ಏರಿಸಿದಿರೆಂದುಕೊಳ್ಳಿ. 100 ವಾಟ್ ಕಾಯುತ್ತಿದ್ದ ಪ್ರೊಸೆಸರು 133 ವಾಟ್ ಕಾಯತೊಡಗುತ್ತದೆ. ಹತ್ತರ ಆಸೆಗೆ ಮೂವತ್ತಮೂರರ ಹೊರೆ. ಪ್ರೊಸೆಸರನ್ನು ತಂಪಾಗಿಡುವ ಕೂಲರು ಇದನ್ನು ಹೊರಬಲ್ಲುದೇ ಎಂಬುದು ಅದರ ಡಬ್ಬಿಯ ಮೇಲಿನ ಚಿತ್ರದಿಂದ ತಿಳಿಯುವುದಿಲ್ಲ, ಅಳೆದರೆ ಮಾತ್ರ ತಿಳಿಯುತ್ತದೆ.

ಇನ್ನು ನನ್ನ ಸ್ವಂತ ಕಥೆಗೆ ಬರುತ್ತೇನೆ. 1998ರಲ್ಲಿ ಇಂಟೆಲ್ ಕಂಪನಿಯ ಸೆಲೆರಾನ್ 300ಎ ಎಂಬ ಪ್ರೊಸೆಸರು ಬಂದಿತು. ಅದರ ಮಲ್ಟಿಪ್ಲೈಯರ್ 4.5ಕ್ಕೆ ಬಿಗಿದುಹೋಗಿತ್ತು, ಬದಲಿಸುವಂತಿರಲಿಲ್ಲ. ಆಗ ಬಸ್ ಎಂದು ಕರೆಯುತ್ತಿದ್ದ ಮೂಲ ತಾಳ 66 ಮೆಗಾಹರ್ಟ್ಸ್; 66ನ್ನು ನಾಲ್ಕೂವರೆಯಿಂದ ಗುಣಿಸಿದರೆ ಹೆಚ್ಚುಕಡಿಮೆ 300. ಬಸ್ಸನ್ನು 100ಕ್ಕೆ ಏರಿಸಿದರೆ ಅದೇ ಪ್ರೊಸೆಸರು 450ರಲ್ಲಿ ಓಡುತ್ತದೆಂಬ ಸುದ್ದಿ ಹಬ್ಬಿತ್ತು, ಆ ಸುದ್ದಿ ಸುಳ್ಳೂ ಆಗಿರಲಿಲ್ಲ. ಮರುವರ್ಷ ನನ್ನ ಕೈಗೂ ಒಂದು ಬಂದಿತು. ಅದೇ ರಾತ್ರಿ ಬಸ್ಸನ್ನು 100ಕ್ಕೆ ಏರಿಸಿದೆ. ಪರದೆ ಕಪ್ಪಾಗಿಯೇ ಉಳಿಯಿತು. ನನ್ನ ಮೆಮೊರಿ 66ಕ್ಕೆಂದೇ ಮಾಡಿದ ಹಳೆಯ ಸರಕು, ಆ ಓಟಕ್ಕೆ ಒಗ್ಗಲಿಲ್ಲ. ಆಗ ನಾನು, ಮಹಾ ಜಾಣನಂತೆ, ಮಧ್ಯದ ದಾರಿ ಹಿಡಿದೆ. ಬೋರ್ಡಿನಲ್ಲಿ 66ಕ್ಕೂ 100ಕ್ಕೂ ನಡುವೆ 83 ಎಂಬ ಅಂಕಿಯಿತ್ತು. ಅದನ್ನು ಆರಿಸಿದೆ. ಯಂತ್ರ ಎದ್ದಿತು, 375 ಎಂದು ತೋರಿಸಿತು. ಆಸೆಪಡದೆ ನಡುವೆ ನಿಂತೆನಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಎರಡು ವಾರ ಯಂತ್ರ ಒಂದು ಸಲವೂ ನಿಲ್ಲಲಿಲ್ಲ. ಹದಿನೈದನೆಯ ದಿನವೋ ಹದಿನಾರನೆಯ ದಿನವೋ, ಅಷ್ಟು ಹೊತ್ತಿಗೆ 60 ಪುಟವಾಗಿದ್ದ ನನ್ನ ಪ್ರಬಂಧವನ್ನು ತೆರೆದಾಗ, 23ನೆಯ ಪುಟದ ಮೂರನೆಯ ಸಾಲಿನವರೆಗೆ ಅಕ್ಷರಗಳು ನೆಟ್ಟಗಿದ್ದವು. ಅಲ್ಲಿಂದ ಮುಂದೆ ಬರಿಯ ಚೌಕಗಳು, ಬಾಲವಿದ್ದ ಗುರುತುಗಳು, ಎಲ್ಲೋ ಒಂದೊಂದು ಕಡೆ ಹರಿದ ಪದ. ಫ್ಲಾಪಿಯಲ್ಲಿ ಪ್ರತಿಯಿತ್ತು. ಕೆಟ್ಟ ಮೇಲೆ ತೆಗೆದ ಪ್ರತಿಯಾದ್ದರಿಂದ ಅದರಲ್ಲಿಯೂ ಅವೇ ಚೌಕಗಳು. ನಾನು ಪ್ರೊಸೆಸರನ್ನು ಅನುಮಾನಿಸಿದೆ, ಏಕೆಂದರೆ ನನ್ನ ಮನಸ್ಸಿನಲ್ಲಿ ನಾನು ಓಡಿಸುತ್ತಿದ್ದುದು ಅದೊಂದನ್ನೇ. ಒಂದೇ ರಾತ್ರಿಯಲ್ಲಿ ವೋಲ್ಟೇಜು ಏರಿಸಿದೆ, ದೊಡ್ಡ ಫ್ಯಾನು ಹಾಕಿದೆ, ಡಿಸ್ಕಿನ ಕೇಬಲ್ ಬದಲಿಸಿದೆ, ವಿಂಡೋಸನ್ನು ಹೊಸದಾಗಿ ತುಂಬಿದೆ. ಮೂರು ದಿನ ಎಲ್ಲವೂ ಸರಿಯಿತ್ತು. ಈ ನಾಲ್ಕರಲ್ಲಿ ಯಾವುದರಿಂದ ಸರಿಯಾಯಿತೆಂದು ಹೇಳಲು ಮಾತ್ರ ನನಗೆ ಬರುತ್ತಿರಲಿಲ್ಲ. ನಾಲ್ಕನೆಯ ದಿನ ಮತ್ತೆ ಕೆಟ್ಟಿತು. ಹುತ್ತ ಬಡಿದರೆ ಹಾವು ಸಾಯುವುದೇ?

ಕೊನೆಗೆ ಬೋರ್ಡು ರಿಪೇರಿಯಲ್ಲಿ ಪಳಗಿದ ಹಿರಿಯರೊಬ್ಬರ ಬಳಿ ಹೋದೆ. ಅವರು ಯಂತ್ರವನ್ನು ಮುಟ್ಟಲೇ ಇಲ್ಲ. "ಏನೇನು ಬದಲಿಸಿದೆಯಪ್ಪಾ?" ಎಂದು ಕೇಳಿದರು. "ಮೊದಲು ಬದಲಿಸಿದ್ದು ಒಂದೇ ಸರ್, ಬಸ್ ವೇಗ" ಎಂದೆ. "ಆ ಒಂದಕ್ಕೆ ಎಷ್ಟು ಜೋತುಬಿದ್ದಿವೆ, ಎಣಿಸಿದ್ದೀಯಾ?" ಎಂದು ಹಾಳೆಯ ಹಿಂಬದಿಯಲ್ಲಿ ಲೆಕ್ಕ ಬರೆದು ತೋರಿಸಿದರು. ಹಾರ್ಡ್ ಡಿಸ್ಕನ್ನು ನಡೆಸುವ ಸರ್ಕ್ಯೂಟು ಪಿಸಿಐ ಎಂಬ ಮತ್ತೊಂದು ದಾರಿಯ ಮೇಲಿತ್ತು. ಆ ದಾರಿಯ ವೇಗ 33 ಇರಬೇಕು, ಅದೂ ಬಸ್ಸಿನಿಂದಲೇ ಭಾಗಿಸಿ ಪಡೆದದ್ದು. ಬಸ್ 66 ಇದ್ದರೆ ಎರಡರಿಂದ ಭಾಗಿಸಿ 33. ಬಸ್ 100 ಇದ್ದರೆ ಬೋರ್ಡು ಮೂರರಿಂದ ಭಾಗಿಸುತ್ತದೆ, ಆಗಲೂ 33. ಆದರೆ 83ಕ್ಕೆ ನನ್ನ ಬೋರ್ಡಿನಲ್ಲಿದ್ದ ಭಾಜಕ ಎರಡೇ, ಸಿಕ್ಕಿದ್ದು ನಲವತ್ತೊಂದೂವರೆ. ಅಂದರೆ 450ಕ್ಕೆ ಓಡಿದ್ದರೆ ಕ್ಷೇಮವಾಗಿರುತ್ತಿದ್ದ ನನ್ನ ಡಿಸ್ಕು, ನಾನು ಎಚ್ಚರದಿಂದ ಆರಿಸಿದ 375ರಲ್ಲಿ ಎರಡು ವಾರವೂ ಸದ್ದಿಲ್ಲದೆ ತಪ್ಪು ಬರೆಯುತ್ತಿತ್ತು. ನಾನು ಒಂದನ್ನು ಬದಲಿಸಿದ್ದೇನೆ ಎಂದುಕೊಂಡಾಗ ಪ್ರೊಸೆಸರು, ಮೆಮೊರಿ, ಗ್ರಾಫಿಕ್ಸಿನ ದಾರಿ, ಡಿಸ್ಕಿನ ದಾರಿ, ನಾಲ್ಕೂ ಬದಲಾಗಿದ್ದವು. ಆ ಹೆಚ್ಚುಕಡಿಮೆ 38 ಪುಟಗಳನ್ನು ಮತ್ತೆ ಕೈಯಾರೆ ಬರೆದೆ.

ಕಥೆ ಲಂಬಿಸಿತೆಂದು ಬಲ್ಲೆ. ಉಳಿದದ್ದನ್ನು ಬೇಗಬೇಗನೆ ಹೇಳಬೇಕಾಗಿದೆ. ಆದರೆ ಈ ಕಥೆಯಿಲ್ಲದೆ ನನ್ನ ಒಂದು ಮಾತು ನಿಮ್ಮ ತಲೆಗೆ ಹೋಗುತ್ತಿರಲಿಲ್ಲ. ಇವತ್ತಿನ ನಿಮ್ಮ ಭಾಗ್ಯವೆಂದರೆ, ಬಿಚ್ಚಿದ, ಅಂದರೆ ನಾವೇ ಬದಲಿಸಬಹುದಾದ, ಮಲ್ಟಿಪ್ಲೈಯರ್ ಇರುವ ಪ್ರೊಸೆಸರುಗಳು ಸಿಗುತ್ತವೆ. ಮಲ್ಟಿಪ್ಲೈಯರನ್ನು ಏರಿಸಿದರೆ ಪ್ರೊಸೆಸರಿನ ಕೋರುಗಳು, ಅಂದರೆ ಅದರೊಳಗೆ ಲೆಕ್ಕ ಮಾಡುವ ಭಾಗಗಳು, ಮಾತ್ರ ಚುರುಕಾಗುತ್ತವೆ. ಮೆಮೊರಿ, ಡಿಸ್ಕು, ಗ್ರಾಫಿಕ್ಸ್ ಕಾರ್ಡು ತಮ್ಮ ಪಾಡಿಗೆ ತಾವಿರುತ್ತವೆ. ಆದ್ದರಿಂದ 100 ಎಂಬ ಮೂಲ ತಾಳವನ್ನು ಮುಟ್ಟಲೇಬೇಡಿರಿ. ಇಂಟೆಲ್ ಪ್ರೊಸೆಸರಾದರೆ ಹೆಸರಿನ ಕೊನೆಯಲ್ಲಿ ಕೆ ಅಕ್ಷರವೂ, ಝಡ್ ಸಾಲಿನ ಮದರ್‌ಬೋರ್ಡೂ ಇರಬೇಕು. ಎಎಂಡಿ ಕಂಪನಿಯ ರೈಜನ್ ಪ್ರೊಸೆಸರಾದರೆ ಹೆಚ್ಚಿನವು ಬಿಚ್ಚಿಯೇ ಬರುತ್ತವೆ, ಆದರೆ ಬೋರ್ಡು ಓವರ್‌ಕ್ಲಾಕಿಂಗಿಗೆ ಒಪ್ಪುವ ಬಿ ಅಥವಾ ಎಕ್ಸ್ ಸಾಲಿನದಾಗಿರಲಿ.

ಬಯಾಸ್‌ಗೆ, ಅಂದರೆ ಈ ಅಂಕಿಗಳನ್ನು ಬದಲಿಸುವ ಮದರ್‌ಬೋರ್ಡಿನ ಪರದೆಗೆ, ಹೋಗುವ ಮೊದಲು, ಏನನ್ನೂ ಬದಲಿಸದೆ, ಯಂತ್ರವನ್ನು ಅರ್ಧ ಗಂಟೆ ದುಡಿಸಿ ಶಾಖವೆಷ್ಟು ಎಂದು ನೋಡಿರಿ. ಹಾಳೆಯ ಮೊದಲ ಸಾಲಿನಲ್ಲಿ ಅದನ್ನೇ ಬರೆಯಿರಿ. ಏನನ್ನೂ ಬದಲಿಸದಿರುವಾಗಲೇ 90 ಡಿಗ್ರಿ ಮುಟ್ಟುತ್ತಿದ್ದರೆ ಇವತ್ತಿನ ಕೆಲಸ ಓವರ್‌ಕ್ಲಾಕಿಂಗ್ ಅಲ್ಲ, ಕೂಲರನ್ನು ಬಿಚ್ಚಿ, ಪ್ರೊಸೆಸರಿನ ಶಾಖವನ್ನು ಕೂಲರಿಗೆ ದಾಟಿಸುವ ಥರ್ಮಲ್ ಪೇಸ್ಟನ್ನು ಹೊಸದಾಗಿ ಹಚ್ಚುವುದು. ನಿಮ್ಮ ಪ್ರೊಸೆಸರಿನ ಪೀಳಿಗೆಗೆ ವೋಲ್ಟೇಜಿನ ಮೇಲ್ಮಿತಿ ಎಷ್ಟೆಂದು ತಿಳಿದುಕೊಂಡು ಹಾಳೆಯ ತಲೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಳ್ಳಿರಿ, ಏಕೆಂದರೆ ಶಾಖದ ವಿಷಯದಲ್ಲಿ ತನ್ನನ್ನು ತಾನು ಕಾಯ್ದುಕೊಳ್ಳುವ ಪ್ರೊಸೆಸರು, ನೀವು ಕೈಯಾರೆ ತುಂಬಿದ ವೋಲ್ಟೇಜನ್ನು ತಡೆಯಲಾರದು. ಆಮೇಲೆ ಮಲ್ಟಿಪ್ಲೈಯರನ್ನು ಒಂದು ಏರಿಸಿರಿ. ಒಂದೇ ಒಂದು. ಯಂತ್ರ ಏಳುತ್ತದೆಯೇ, ಪರೀಕ್ಷೆ ದಾಟುತ್ತದೆಯೇ, ಶಾಖವೆಷ್ಟು, ಬರೆಯಿರಿ, ಮತ್ತೆ ಒಂದು.

ಎದ್ದ ಯಂತ್ರ ಸರಿಯಾದ ಯಂತ್ರವಲ್ಲ ಎಂಬುದನ್ನು ನನ್ನ ಕಥೆಯಿಂದಲೇ ತಿಳಿದಿದ್ದೀರಿ. ಪ್ರೈಮ್95 ಎಂಬ ತಂತ್ರಾಂಶವನ್ನು ಬಳಸಿರಿ. ಅದು ಭಾರಿ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲೆಂದು 1996ರಲ್ಲಿ ಶುರುವಾದ ಸಾಮೂಹಿಕ ಯೋಜನೆಯ ತಂತ್ರಾಂಶ. ಅದರ ಪರೀಕ್ಷೆಯಲ್ಲಿ ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಪ್ರೊಸೆಸರಿನಿಂದ ಮಾಡಿಸಿ ತಾಳೆ ನೋಡಲಾಗುತ್ತದೆ. ಯಂತ್ರ ನಿಲ್ಲದೆ, ನೀಲಿ ಪರದೆ ಬಾರದೆ, ಉತ್ತರ ಮಾತ್ರ ತಪ್ಪಿದಾಗ ಅದನ್ನು ಹಿಡಿದುಕೊಡುವ ಸಾಧನ ಇಂಥದ್ದೇ. ಉತ್ತರ ತಪ್ಪಿತೇ? ಒಂದು ಮೆಟ್ಟಿಲು ಕೆಳಗಿಳಿಯಿರಿ, ಇಲ್ಲವೇ ವೋಲ್ಟೇಜನ್ನು 0.01ರಿಂದ 0.02 ವೋಲ್ಟಿನಷ್ಟು ಏರಿಸಿರಿ. ಎರಡನ್ನೂ ಒಟ್ಟಿಗೆ ಮಾಡಬೇಡಿರಿ.

ಬೇರೆಯವರ ಅಂಕಿಗಳನ್ನು ನಕಲು ಮಾಡಬೇಡಿರೆಂದು ಎಷ್ಟು ಸಲ ಹೇಳಿದರೂ ಕೇಳುವವರಿಲ್ಲ. ಒಂದೇ ಹೆಸರಿನ ಎರಡು ಚಿಪ್ಪುಗಳಲ್ಲಿ ಒಂದು ಓಡುವ ವೇಗದಲ್ಲಿ ಇನ್ನೊಂದು ಓಡುವುದಿಲ್ಲ. ಬಯಾಸ್‌ನಲ್ಲಿ ಒಂದೇ ಗುಂಡಿಯಿಂದ ಎಲ್ಲವನ್ನೂ ಮಾಡಿಕೊಡುವ ಸೌಲಭ್ಯವಿದ್ದರೆ ಅದನ್ನೂ ಒತ್ತಬೇಡಿರಿ; ಅದು ಒಂದೇ ಸಲಕ್ಕೆ ಹತ್ತು ಅಂಕಿಗಳನ್ನು ಬದಲಿಸುತ್ತದೆ, ವೋಲ್ಟೇಜನ್ನು ಧಾರಾಳವಾಗಿ ಸುರಿಯುತ್ತದೆ, ಮಾಡಿದ್ದೇನೆಂದು ನಿಮಗೆ ಹೇಳುವುದೂ ಇಲ್ಲ. 2011ರಲ್ಲಿ ದ್ರವ ಹೀಲಿಯಂ ಸುರಿದು ಎಎಂಡಿಯ ಎಫ್ಎಕ್ಸ್ ಪ್ರೊಸೆಸರನ್ನು 8.4 ಗಿಗಾಹರ್ಟ್ಸ್ ದಾಟಿಸಿದರಲ್ಲ ಎಂದು ಕೇಳುವವರಿಗೆ ನನ್ನ ಉತ್ತರ: ಅದು ದಾಖಲೆಗಾಗಿ ನಡೆದ ಕ್ಷಣಗಳ ಓಟ. ನಿಮ್ಮ ಯಂತ್ರ ನಾಳೆ ಬೆಳಿಗ್ಗೆಯೂ ಕೆಲಸ ಮಾಡಬೇಕು. ಈಗಿನ ಪ್ರೊಸೆಸರುಗಳು ಟರ್ಬೊ ಎಂಬ ಹೆಸರಿನಲ್ಲಿ ತಮ್ಮ ಶಕ್ತಿಯ ಬಹುಪಾಲನ್ನು ತಾವೇ ಬಳಸಿಕೊಳ್ಳುವುದರಿಂದ, ನಿಮ್ಮ ಪಾಲಿಗೆ ಉಳಿದಿರುವುದು ಸಣ್ಣ ಮೊತ್ತ; ಎರಡು ಮೂರು ಮೆಟ್ಟಿಲು ಸಿಕ್ಕರೆ ಸಂತೋಷಪಡಿರಿ.

ಮೆಮೊರಿಯನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಎಕ್ಸ್ಎಂಪಿ ಎಂಬ ಸಿದ್ಧ ಅಂಕಿಗಳ ಬಗ್ಗೆ ಹೇಳಬೇಕೆಂದಿದ್ದೆ, ಹೊತ್ತಿಲ್ಲ. ಅದೂ ಓವರ್‌ಕ್ಲಾಕಿಂಗೇ, ಪ್ರೊಸೆಸರಿನ ಕೆಲಸ ಮುಗಿದ ಮೇಲೆ, ಬೇರೊಂದು ದಿನ, ಬೇರೊಂದು ಹಾಳೆಯಲ್ಲಿ ಮಾಡಿರಿ.

ಎಂದಾದರೂ ಒಂದು ಮೆಟ್ಟಿಲು ಹೆಚ್ಚಾಗಿ ಪರದೆ ಕಪ್ಪಾಗಿಯೇ ಉಳಿದರೆ ಗಾಬರಿಯಾಗಬೇಡಿರಿ. ಯಂತ್ರವನ್ನು ಆರಿಸಿ, ಗೋಡೆಯಿಂದ ಪ್ಲಗ್ಗು ಕಿತ್ತು, ಮದರ್‌ಬೋರ್ಡಿನ ಮೇಲೆ ನಾಣ್ಯದಂತಿರುವ ಸಿಆರ್2032 ಬ್ಯಾಟರಿಯನ್ನು ಉಗುರಿನಿಂದ ಮೀಟಿ ತೆಗೆದು, ಐದು ನಿಮಿಷ ಬಿಟ್ಟು ಮತ್ತೆ ಕೂರಿಸಿರಿ. ಯಂತ್ರ ಹಳೆಯ ವೇಗಕ್ಕೆ ಮರಳಿ ಏಳುತ್ತದೆ. ಅದಕ್ಕೆ ಆಗ ನಿಮ್ಮ ಮಲ್ಟಿಪ್ಲೈಯರೂ ನೆನಪಿರುವುದಿಲ್ಲ, ವೋಲ್ಟೇಜೂ ನೆನಪಿರುವುದಿಲ್ಲ, ಇವತ್ತಿನ ತಾರೀಖು ಕೂಡ ನೆನಪಿರುವುದಿಲ್ಲ. ತಾರೀಖನ್ನು ಗೋಡೆಯ ಕ್ಯಾಲೆಂಡರು ನೋಡಿ ತುಂಬಿರಿ. ಉಳಿದ ಅಂಕಿಗಳಿಗೆ ನಿಮ್ಮ ಹಾಳೆಯನ್ನು ತೆಗೆದು, ಕೊನೆಯ ಸಾಲನ್ನು ಬಿಟ್ಟು, ಅದರ ಮೇಲಿನ ಸಾಲಿನಲ್ಲಿರುವುದನ್ನು ತುಂಬಿರಿ. ನಮಸ್ಕಾರ.