ತಂಗಿ ಬರೆದ ಅಕ್ಕನ ಮುಖ

ಇದು ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂ. ಈ ಕೋಣೆಗೆ ಬಂದ ಕೂಡಲೇ ವಿಡಿಯೋ ಸ್ವಲ್ಪ ಮಂಕಾಯ್ತು, ಅಲ್ವಾ? ಇಲ್ಲಿರುವುದೆಲ್ಲ ಪೇಸ್ಟಲ್ ಚಿತ್ರಗಳು. ಜಾಸ್ತಿ ಬೆಳಕು ಬಿದ್ದರೆ ಬಣ್ಣ ಮಾಸುತ್ತದೆ. ಅದಕ್ಕೇ ದೀಪ ತಗ್ಗಿಸಿಟ್ಟಿದ್ದಾರೆ.

ನಾನು ಬಂದಿದ್ದು ಇದೊಂದನ್ನು ನೋಡಲು. ಫ್ರಾನ್ಸಿನ ಚಿತ್ರಕಾರ್ತಿ ಬರ್ತ್ ಮೊರಿಸೊ 1871ರಲ್ಲಿ ಬರೆದ ತನ್ನ ಅಕ್ಕ ಎಡ್ಮಾಳ ಚಿತ್ರ. ಅಕ್ಕ ಆಗ ಬಸುರಿ. ಕಪ್ಪು ಉಡುಪು ತೊಟ್ಟು ಸೋಫಾದ ಮೇಲೆ ಕೂತಿದ್ದಾಳೆ.

ಪೇಸ್ಟಲ್ ಅಂದರೆ ಬಣ್ಣದ ಪುಡಿಗೆ ಚೂರೇ ಚೂರು ಅಂಟು ಕಲಸಿ ಒಣಗಿಸಿದ ಕಡ್ಡಿ. ಉಜ್ಜಿದರೆ ಪುಡಿ ಕಾಗದದ ತರಿಗೆ ಸಿಕ್ಕಿಕೊಂಡು ನಿಲ್ಲುತ್ತದೆ. ಮನೆಯಲ್ಲಿ ಒಮ್ಮೆ ನಾನೂ ಒಂದು ಮುಖ ಬರೆಯಲು ಕೂತಿದ್ದೆ. ಕೆನ್ನೆಗೆ ಗುಲಾಬಿ ಹಚ್ಚಿ ತೋರುಬೆರಳಲ್ಲಿ ಸವರಿದರೆ, ನಿಜವಾದ ಕೆನ್ನೆಯನ್ನೇ ಮುಟ್ಟಿದ ಹಾಗಾಯ್ತು. ಕೈ ತೆಗೆದಾಗ ಬೆರಳ ತುದಿಯಲ್ಲಿ ಅದೇ ಗುಲಾಬಿ. ಸುಮ್ನೆ ತಾಗಿದರೂ ಕೈಗೆ ಬರುವ ಬಣ್ಣ ಇದು. ಎಡ್ಮಾಳ ಮುಖ ನೂರೈವತ್ತು ವರ್ಷದಿಂದ ಹಾಗೇ ಉಳಿದಿದೆ ಅಂದರೆ ನನಗೆ ಇವತ್ತಿಗೂ ಆಶ್ಚರ್ಯ.

ಫ್ರಾನ್ಸಿನಲ್ಲಿ ಕ್ರಾಂತಿಯ ನಂತರ ಪೇಸ್ಟಲ್ ಮೂಲೆಗೆ ಬಿದ್ದಿತ್ತು. ಹಳೇ ಸಿರಿವಂತರ ಕಾಲದ ಕಲೆ ಅಂತ. ಮತ್ತೆ ಅದಕ್ಕೆ ಜೀವ ಬಂದಿದ್ದು ಈ ಚಿತ್ರ ಹುಟ್ಟಿದ ಕಾಲದಲ್ಲಿ. ಮೊರಿಸೊ ಈ ಚಿತ್ರವನ್ನು 1872ರ ಸಲೋನ್‌ನಲ್ಲಿ, ಅಂದರೆ ಪ್ಯಾರಿಸ್‌ನ ಅಧಿಕೃತ ಕಲಾ ಪ್ರದರ್ಶನದಲ್ಲಿ, ಇಟ್ಟಳು. 1885ರ ಹೊತ್ತಿಗೆ ಪೇಸ್ಟಲ್ ಕಲಾವಿದರದ್ದೇ ಒಂದು ಸಂಘವೂ ಹುಟ್ಟಿತು.

ಆದರೆ ನನ್ನನ್ನು ಇಲ್ಲಿ ನಿಲ್ಲಿಸಿರುವುದು ಬೇರೆ ಸಂಗತಿ. ಎಡ್ಮಾ ಕೂಡ ಚಿತ್ರ ಬರೆಯುತ್ತಿದ್ದಳು! ಅಕ್ಕ ತಂಗಿ ಇಬ್ಬರೂ ನಿಸರ್ಗ ಚಿತ್ರಗಳಿಗೆ ಹೆಸರಾದ ಕಲಾವಿದ ಕೊರೊ ಬಳಿ ಪಾಠ ಕಲಿತವರು. 1864ರ ಸಲೋನ್‌ನಲ್ಲಿ ಇಬ್ಬರ ಚಿತ್ರಗಳೂ ಇದ್ದವು. 1869ರಲ್ಲಿ ಎಡ್ಮಾಗೆ ನೌಕಾಪಡೆಯ ಅಧಿಕಾರಿಯೊಬ್ಬನ ಜೊತೆ ಮದುವೆಯಾಯ್ತು. ಲೋರಿಯಾಂ ಊರಿಗೆ ಹೋದಳು. ಚಿತ್ರ ಬರೆಯುವುದು ಅಲ್ಲಿಗೆ ನಿಂತಿತು. ನಾವಿಬ್ಬರೂ ಕೆಲಸ ಮಾಡುತ್ತಿದ್ದ ಕೋಣೆಗೆ ಕಾಲು ಗಂಟೆಯಾದರೂ ಬಂದು ಹೋಗಬೇಕು ಅನಿಸುತ್ತದೆ ಅಂತ ತಂಗಿಗೆ ಕಾಗದ ಬರೆದಿದ್ದಳು. ಕಾಲು ಗಂಟೆ ಸಾಕು ಅಂತ ಕೇಳಿದ್ದಾಳಲ್ಲ, ಅದು ನನಗೆ ತುಂಬಾ ನೋವು ಕೊಡುತ್ತದೆ.

ಈ ಕಣ್ಣು ನೋಡಿ. ಎಲ್ಲೋ ದೂರದಲ್ಲಿ ನೆಟ್ಟಿದೆ. ಎದುರಿಗೆ ಕೂತು ಕಡ್ಡಿ ಹಿಡಿದವಳಿಗೆ ಆ ನೋಟ ಏನು ಅಂತ ಗೊತ್ತಿತ್ತು. ಮುಖ ನಗಿಸಲು ಅವಳು ಹೋಗಲಿಲ್ಲ.

ಎಡ್ಮಾ ಬರೆದ ತಂಗಿಯ ಚಿತ್ರವೂ ಒಂದಿದೆ, ಸುಮಾರು 1865ರದ್ದು, ಎಣ್ಣೆ ಬಣ್ಣದಲ್ಲಿ. ಅದರಲ್ಲಿ ಬರ್ತ್ ಕೈಯಲ್ಲಿ ಕುಂಚ ಹಿಡಿದು ಕೆಲಸದಲ್ಲಿ ಮುಳುಗಿದ್ದಾಳೆ.