ಪರಿಷತ್ ಚುನಾವಣೆ: ಮತ ಕೆಡುವುದು ಎಲ್ಲಿ?

ಕೇಳುಗರಿಗೆ ನಮಸ್ಕಾರ. ಪರಿಷತ್ ಚುನಾವಣೆಯಲ್ಲಿ ಮತ ಹೇಗೆ ಕೆಡುತ್ತದೆ ಎನ್ನುವುದಕ್ಕೆ ಮೊದಲು, ಆ ಸದನಕ್ಕೆ ಎಷ್ಟು ಬಲವಿದೆ ಎಂದು ನೋಡೋಣ.

ವಿಧಾನ ಪರಿಷತ್ತು ಒಂದು ಮಸೂದೆಯನ್ನು ಎಷ್ಟು ದಿನ ತಡೆಯಬಹುದು? ಹಣಕಾಸು ಮಸೂದೆಯಾದರೆ 14 ದಿನ, ಅಷ್ಟೆ. ಉಳಿದ ಮಸೂದೆಗಳನ್ನು ಮೊದಲ ಸಲ ಮೂರು ತಿಂಗಳವರೆಗೆ ಇಟ್ಟುಕೊಳ್ಳಬಹುದು. ವಿಧಾನಸಭೆ ಅದನ್ನೇ ಮತ್ತೆ ಅಂಗೀಕರಿಸಿ ಕಳಿಸಿದರೆ ಇನ್ನೊಂದು ತಿಂಗಳು. ಆಮೇಲೆ ಪರಿಷತ್ತು ಒಪ್ಪಲಿ, ಬಿಡಲಿ, ಮಸೂದೆ ಪಾಸಾದಂತೆಯೇ. ದೆಹಲಿಯಲ್ಲಾದರೆ ಎರಡು ಸದನಗಳಿಗೆ ಹೊಂದದಿದ್ದಾಗ ಒಟ್ಟಿಗೆ ಕೂರಿಸಿ ಮತಕ್ಕೆ ಹಾಕುತ್ತಾರೆ. ರಾಜ್ಯಗಳಲ್ಲಿ ಆ ದಾರಿ ಇಲ್ಲ. ಇದರಲ್ಲೊಂದು ಸೂಕ್ಷ್ಮವಿದೆ. ಪರಿಷತ್ತು ಮಸೂದೆಯನ್ನು ನೇರವಾಗಿ ತಿರಸ್ಕರಿಸಿದರೆ ಮೂರು ತಿಂಗಳ ತಡೆಯೂ ಸಿಗುವುದಿಲ್ಲ, ವಿಧಾನಸಭೆ ಕೂಡಲೇ ಕೈಗೆತ್ತಿಕೊಳ್ಳಬಹುದು. 2024ರ ಫೆಬ್ರುವರಿಯಲ್ಲಿ ಧಾರ್ಮಿಕ ದತ್ತಿ ತಿದ್ದುಪಡಿ ಮಸೂದೆ ಪರಿಷತ್ತಿನಲ್ಲಿ ಬಿದ್ದಿತು. ಅದೇ ತಿಂಗಳ ಕೊನೆಗೆ ವಿಧಾನಸಭೆ ಅದನ್ನು ಮತ್ತೆ ಅಂಗೀಕರಿಸಿತು. ಸರ್ಕಾರವನ್ನು ನಿಜಕ್ಕೂ ಕಾಯಿಸಬೇಕೆಂದರೆ ಸೋಲಿಸುವುದಕ್ಕಿಂತ ಸುಮ್ಮನೆ ಇಟ್ಟುಕೊಳ್ಳುವುದೇ ಹೆಚ್ಚು ಫಲಕಾರಿ.

ನಮ್ಮ ಪರಿಷತ್ತಿನಲ್ಲಿ 75 ಸ್ಥಾನಗಳಿವೆ. ಶಾಸಕರು ಆರಿಸುವುದು 25, ಸ್ಥಳೀಯ ಸಂಸ್ಥೆಗಳಿಂದ 25, ಪದವೀಧರರಿಂದ 7, ಶಿಕ್ಷಕರಿಂದ 7. ಉಳಿದ 11 ಮಂದಿ ರಾಜ್ಯಪಾಲರ ನಾಮನಿರ್ದೇಶನದಿಂದ ಬರುತ್ತಾರೆ: ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ, ಸಮಾಜಸೇವೆಯವರು ಎಂದು ಸಂವಿಧಾನ ಹೇಳುತ್ತದೆ. ಯಾರು ಹೇಗೆ ಆ ಪಟ್ಟಿ ಸೇರುತ್ತಾರೆ ಎನ್ನುವುದು ನಿಮಗೂ ಗೊತ್ತಿದೆ, ಬಿಡಿ. ಸದಸ್ಯರ ಅವಧಿ ಆರು ವರ್ಷ. ಸದನ ವಿಸರ್ಜನೆಯಾಗುವುದಿಲ್ಲ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ನಿವೃತ್ತಿಯಾಗುತ್ತದೆ.

ಹಾಸನ, ಚಿಕ್ಕಮಗಳೂರು ಎರಡಕ್ಕೂ ಸ್ಥಳೀಯ ಸಂಸ್ಥೆಗಳ ಒಂದೊಂದು ಸ್ಥಾನವಿದೆ. ಇಲ್ಲಿ ಮತದಾರರು ಗ್ರಾಮ ಪಂಚಾಯ್ತಿ, ಪಟ್ಟಣ ಪಂಚಾಯ್ತಿ, ಪುರಸಭೆ, ನಗರಸಭೆಯ ಸದಸ್ಯರು. ತಾಲ್ಲೂಕು, ಜಿಲ್ಲಾ ಪಂಚಾಯ್ತಿಗಳು ಇದ್ದರೆ ಅವರೂ. 2021ರಲ್ಲಿ ಆ ಎರಡರ ಅವಧಿ ಮುಗಿದಿದ್ದರಿಂದ ಡಿಸೆಂಬರ್ ಚುನಾವಣೆಯನ್ನು ನಿರ್ಧರಿಸಿದವರು ಮುಖ್ಯವಾಗಿ ಗ್ರಾಮ ಪಂಚಾಯ್ತಿ ಸದಸ್ಯರು. ಆ ಸಲ ಚಿಕ್ಕಮಗಳೂರಿನ ಎಣಿಕೆಯಲ್ಲಿ ಕಂಡ ಅಂತರ 6 ಮತ. ವ್ಯಾಜ್ಯ ಕೋರ್ಟಿಗೆ ಹೋಯಿತು. ಅಂತರ ಅಷ್ಟು ಸಣ್ಣದಿದ್ದಾಗ ಕೆಟ್ಟ ಮತಪತ್ರ ಒಂದೊಂದಕ್ಕೂ ಬೆಲೆ ಬರುತ್ತದೆ.

ಮತ ಕೆಡುವುದಾದರೂ ಹೇಗೆ? ಇಲ್ಲಿ ಯಂತ್ರವಿಲ್ಲ, ಕಾಗದದ ಮತಪತ್ರ. ಪಕ್ಷದ ಚಿಹ್ನೆ ಇರುವುದಿಲ್ಲ. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಲ್ಲೇ ಬರೆಯಬೇಕು. ಜೇಬಿನ ಬಾಲ್ ಪೆನ್ನು ತೆಗೆದಿರೋ, ಮತ ಹೋಯಿತು. ನಿಮಗೆ ಮೊದಲು ಬೇಕಾದವರ ಹೆಸರಿನ ಮುಂದಿನ ಚೌಕದಲ್ಲಿ 1 ಎಂದು ಅಂಕಿ ಹಾಕಿ. ಕನ್ನಡದ ೧ ಬರೆದರೂ ಸರಿ, ರೋಮನ್ ಅಂಕಿಯಾದರೂ ಸರಿ. ‘ಒಂದು’ ಎಂದು ಅಕ್ಷರದಲ್ಲಿ ಬರೆಯಬಾರದು. ಟಿಕ್ ಗುರುತು, ಗುಣಿಸು ಗುರುತು ನಡೆಯುವುದಿಲ್ಲ. ಇಬ್ಬರಿಗೆ 1 ಕೊಟ್ಟರೆ, ಒಬ್ಬರ ಮುಂದೆಯೇ 1 ಮತ್ತು 2 ಎರಡನ್ನೂ ಬರೆದರೆ, ಎರಡು ಹೆಸರುಗಳ ನಡುವಿನ ಗೆರೆಯ ಮೇಲೆ ಅಂಕಿ ಬಿದ್ದು ಯಾರಿಗೆಂದು ತಿಳಿಯದಿದ್ದರೆ ಮತ ತಿರಸ್ಕೃತ. ಸಹಿ ಹಾಕಿದರೂ ಅಷ್ಟೆ, ಏಕೆಂದರೆ ಮತ ಯಾರದೆಂದು ಗೊತ್ತಾಗಿಬಿಡುತ್ತದೆ. ಅರ್ಜಿಗಳಿಗೆಲ್ಲ ಸಹಿ ಹಾಕಿ ರೂಢಿಯಾದ ಪದವೀಧರರೇ ಈ ತಪ್ಪು ಮಾಡುತ್ತಾರೆ ಎನ್ನುವುದು ಸೋಜಿಗ.

1 ಕಡ್ಡಾಯ. ಆಮೇಲೆ ಬೇಕಾದವರಿಗೆ 2, 3 ಎಂದು ಪ್ರಾಶಸ್ತ್ಯ ಕೊಡುವುದು ನಿಮ್ಮ ಇಷ್ಟ. ‘ಎರಡನೆಯದನ್ನು ಕೊಟ್ಟರೆ ಮೊದಲನೆಯವರಿಗೆ ನಷ್ಟ’ ಎಂದು ಏಜೆಂಟರು ಹೇಳುವುದುಂಟು. ಅದು ಸುಳ್ಳು. ನಿಮ್ಮ ಮೊದಲನೆಯವರು ಕಣದಲ್ಲಿ ಇರುವವರೆಗೆ ಎರಡನೆಯ ಅಂಕಿಯನ್ನು ಯಾರೂ ನೋಡುವುದೇ ಇಲ್ಲ.

ಎಣಿಕೆ ಹೀಗೆ. ಒಂದೇ ಸ್ಥಾನವಿದ್ದರೆ ಸಿಂಧು ಮತಗಳನ್ನು ಎರಡರಿಂದ ಭಾಗಿಸಿ, ಭಿನ್ನ ಉಳಿದರೆ ಬಿಟ್ಟು, ಒಂದು ಕೂಡಿಸಬೇಕು. ಸಿಂಧು ಮತ 1000 ಇದ್ದರೆ ಕೋಟಾ, ಅಂದರೆ ಗೆಲ್ಲಲು ಬೇಕಾದ ಮತ, 501. ಮೂವರು ಕಣದಲ್ಲಿದ್ದು 420, 380, 200 ಪಡೆದರು ಎನ್ನಿ. ಯಾರೂ ಕೋಟಾ ಮುಟ್ಟಲಿಲ್ಲ, ಕೊನೆಯವರನ್ನು ಕೈಬಿಡುತ್ತಾರೆ. ಅವರ 200 ಪತ್ರಗಳಲ್ಲಿ 2ನೇ ಪ್ರಾಶಸ್ತ್ಯ 110 ಎರಡನೆಯವರಿಗೆ, 30 ಮೊದಲನೆಯವರಿಗೆ ಇದೆ. 60ರಲ್ಲಿ ಏನೂ ಬರೆದಿಲ್ಲ, ಅವು ಅಲ್ಲಿಗೇ ಬರಿದು. ಈಗ ಎರಡನೆಯವರಿಗೆ 490, ಮೊದಲನೆಯವರಿಗೆ 450. ಮುಂದಿದ್ದವರೇ ಹಿಂದಾದರು. ಕೋಟಾ ಇನ್ನೂ ಮುಟ್ಟಿಲ್ಲ, ಆದರೆ 450ರವರನ್ನೂ ಕೈಬಿಟ್ಟ ಮೇಲೆ ಉಳಿದವರು ಒಬ್ಬರೇ, ಅವರೇ ಗೆದ್ದಂತೆ. ಹುರಿಯಾಳುಗಳು ಹತ್ತಾರು ಇದ್ದರೆ ಒಬ್ಬೊಬ್ಬರನ್ನೇ ಕೈಬಿಡುತ್ತ ಹೋಗಬೇಕು. ಎಣಿಕೆ ಮರುದಿನಕ್ಕೆ ದಾಟುವುದು ಇದರಿಂದಲೇ.

ಇಷ್ಟೆಲ್ಲ ಮಾಡಲು ಮೊದಲು ಪಟ್ಟಿಯಲ್ಲಿ ಹೆಸರಿರಬೇಕು. ಬಹಳ ಮಂದಿ ಎಡವುವುದು ಇಲ್ಲೇ. ವಿಧಾನಸಭೆಯ ಮತದಾರರ ಚೀಟಿ ಇದ್ದ ಮಾತ್ರಕ್ಕೆ ಪದವೀಧರ ಮತದಾರರಾಗುವುದಿಲ್ಲ. ಈ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ, ಹಿಂದಿನ ಸಲ ಮತ ಹಾಕಿದವರೂ ಮತ್ತೆ ಅರ್ಜಿ ಕೊಡಬೇಕು. ಪದವೀಧರರಿಗೆ ನಮೂನೆ 18, ಶಿಕ್ಷಕರಿಗೆ ನಮೂನೆ 19. ಲೆಕ್ಕದ ದಿನ ನವೆಂಬರ್ 1. ಅಂದಿಗೆ ಪದವಿ ಮುಗಿದು ಮೂರು ವರ್ಷ ತುಂಬಿರಬೇಕು. ಶಿಕ್ಷಕರಾದರೆ ಹಿಂದಿನ ಆರು ವರ್ಷಗಳಲ್ಲಿ ಒಟ್ಟು ಮೂರು ವರ್ಷವಾದರೂ ಹೈಸ್ಕೂಲು ಅಥವಾ ಅದಕ್ಕೂ ಮೇಲಿನ ಹಂತದಲ್ಲಿ ಪಾಠ ಮಾಡಿರಬೇಕು, ಮುಖ್ಯಸ್ಥರ ದೃಢೀಕರಣ ಬೇಕು. ಪ್ರಾಥಮಿಕ ಶಾಲೆಯ ಮೇಷ್ಟ್ರುಗಳಿಗೆ ಈ ಮತವಿಲ್ಲ, ಅದು ನ್ಯಾಯವೇ ಎಂಬ ವಾದ ಹಳೆಯದು. ವಾಸ ಕ್ಷೇತ್ರದಲ್ಲೇ ಇರಬೇಕು: ಊರು ಅರಕಲಗೂಡಾದರೂ ಸಂಸಾರ ಬೆಂಗಳೂರಿನಲ್ಲಿದ್ದರೆ ಅರ್ಜಿ ಅಲ್ಲಿಗೇ.

ಹಾಸನ ಜಿಲ್ಲೆ ಮೈಸೂರು, ಮಂಡ್ಯ, ಚಾಮರಾಜನಗರದೊಂದಿಗೆ ದಕ್ಷಿಣ ಕ್ಷೇತ್ರದಲ್ಲಿದೆ, ಚಿಕ್ಕಮಗಳೂರು ನೈಋತ್ಯದಲ್ಲಿ. ನೈಋತ್ಯದಲ್ಲಿ ಪದವೀಧರ, ಶಿಕ್ಷಕ ಎರಡೂ ಚುನಾವಣೆ 2024ರ ಜೂನ್‌ನಲ್ಲಿ ನಡೆದವು, ಮುಂದಿನ ಸರದಿ 2030. ಹಾಸನದ ಶಿಕ್ಷಕರಿಗೂ ಅದೇ. ಪದವೀಧರರ ಚುನಾವಣೆ ಮಾತ್ರ ಅಲ್ಲಿ 2022ರಲ್ಲಿ ಆಗಿತ್ತು, ಸರದಿ ಬರುವುದು 2028ಕ್ಕೆ. ಅದಕ್ಕೆ ಲೆಕ್ಕದ ದಿನ 2027ರ ನವೆಂಬರ್ 1. ಅಂದರೆ 2024ರ ನವೆಂಬರ್ 1ಕ್ಕೆ ಮುಂಚೆ ಪದವಿ ಪಡೆದವರು ಅರ್ಜಿ ಹಾಕಬಹುದು. ದೃಢೀಕರಿಸಿದ ಪದವಿ ಪ್ರಮಾಣಪತ್ರ ಅಥವಾ ಅಂಕಪಟ್ಟಿಯ ಪ್ರತಿ, ವಿಳಾಸದ ದಾಖಲೆ, ಫೋಟೊ ಸಿದ್ಧವಿಟ್ಟುಕೊಂಡು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ.