ಮೊದಲ ಪ್ರೀತಿ, ಎರಡು ಸಲ

ಕೇಳುಗರಿಗೆ ನಮಸ್ಕಾರ.

ಜಪಾನಿನ ಗಾಯಕರು ಉತಾದ ಹಿಕಾರು. ಈ ಹೆಸರು ಗೊತ್ತಿಲ್ಲದಿದ್ದರೂ ಅವರ ದನಿ ನಿಮ್ಮ ಮನೆಯೊಳಗೆ ಒಮ್ಮೆ ಬಂದು ಹೋಗಿರಬಹುದು. ಕಿಂಗ್‌ಡಮ್ ಹಾರ್ಟ್ಸ್ ಅನ್ನುವ ವಿಡಿಯೋ ಗೇಮ್‌ನ ಹಾಡು ಅವರದು. ಇವಾಂಗೆಲಿಯನ್ ಅನ್ನುವ ಅನಿಮೆಯ, ಅಂದರೆ ಜಪಾನಿ ಕಾರ್ಟೂನಿನ, ಹೊಸ ಚಿತ್ರಗಳು ಮುಗಿಯುವಾಗ ಕೇಳುವ ಹಾಡುಗಳೂ ಅವರವೇ. ನನಗೆ ಅವರು ಸಿಕ್ಕಿದ್ದೂ ಹಾಗೇ. ಗೆಳೆಯನ ಮನೆಗೆ ಗೇಮ್ ಆಡಲು ಹೋದವನು, ಆಟ ಬಿಟ್ಟು ಶುರುವಿನ ಹಾಡನ್ನೇ ಮತ್ತೆ ಮತ್ತೆ ಹಾಕಿಸಿಕೊಂಡು ಕೂತೆ. ಗೆಳೆಯನಿಗೆ ಸಿಟ್ಟು ಬಂತು. ನನಗೆ ಒಂದು ಚಟ ಹತ್ತಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತಾನು ಗಂಡು ಅಥವಾ ಹೆಣ್ಣು ಅನ್ನುವ ಎರಡೇ ಖಾನೆಯಲ್ಲಿ ಕೂರುವವರಲ್ಲ ಎಂದು ಹಿಕಾರು 2021ರಲ್ಲಿ ತಿಳಿಸಿದರು. ಆಗ ಅವರನ್ನು ಏನಂತ ಕರೆಯಬೇಕು ಅಂತ ಎಷ್ಟೋ ಭಾಷೆಯವರು ತಲೆ ಕೆಡಿಸಿಕೊಂಡರು. ನಮಗೆ ಆ ಕಷ್ಟ ಇಲ್ಲ. 'ಅವರು' ಅಂದರೆ ಸಾಕು, ಮರ್ಯಾದೆಯೂ ಆಯಿತು, ಮಾತೂ ಮುಗಿಯಿತು. ಜಪಾನಿನ ಅಭಿಮಾನಿಗಳು ಇನ್ನೂ ಸಲೀಸಾಗಿ 'ಹಿಕ್ಕಿ' ಅನ್ನುತ್ತಾರೆ.

ಇವತ್ತು ಅವರ ವೇದಿಕೆ ಕಾರ್ಯಕ್ರಮಗಳಿಗೆ ನಾನು ಸ್ಥಾನ ಕೊಡುತ್ತೇನೆ. ಇವುಗಳಲ್ಲಿ ಒಂದಕ್ಕೂ ನಾನು ಹೋದವನಲ್ಲ. ಎಲ್ಲವನ್ನೂ ನೋಡಿದ್ದು ಡಿಸ್ಕ್‌ನಲ್ಲಿ, ಪರದೆಯ ಮೇಲೆ. ಹಾಗಾಗಿ ಅಲ್ಲಿ ಕೂತು ಕೇಳಿದವರು ನನ್ನ ಪಟ್ಟಿಯನ್ನು ನೋಡಿ ನಕ್ಕರೂ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ಅಳತೆಗೋಲು ಬೇಕಲ್ವಾ? ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಚುಕಿ ನೋಡುತ್ತೇವೆ. ನನ್ನ ಅಗುಳು 'ಫಸ್ಟ್ ಲವ್' ಅನ್ನುವ ಹಾಡು. ಹಿಕಾರು ಹುಟ್ಟಿದ್ದು 1983ರಲ್ಲಿ, ನ್ಯೂಯಾರ್ಕ್‌ನಲ್ಲಿ. ಈ ಹೆಸರಿನಲ್ಲಿ ಮೊದಲ ಸಿಂಗಲ್, ಅಂದರೆ ಬಿಡಿಯಾಗಿ ಮಾರುವ ಹಾಡು, ಬಂದದ್ದು 1998ರ ಡಿಸೆಂಬರ್ 9ರಂದು. ಆಗ ವಯಸ್ಸು ಹದಿನೈದು. ಮೂರು ತಿಂಗಳಿಗೆ ಮೊದಲ ಆಲ್ಬಮ್ ಬಂತು, ಅದರ ಹೆಸರೂ 'ಫಸ್ಟ್ ಲವ್'. ಜಪಾನಿನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಮ್ ಇವತ್ತಿಗೂ ಅದೇ. 75 ಲಕ್ಷಕ್ಕೂ ಜಾಸ್ತಿ ಪ್ರತಿ ಹೋಗಿದೆ. ಹದಿನಾರರ ಹರೆಯದಲ್ಲಿ ಹಾಡಿದ ಆ ವಿದಾಯದ ಹಾಡನ್ನು ಅವರು ಹೋದಲ್ಲೆಲ್ಲ ಹಾಡಬೇಕಾಯಿತು. ಅದನ್ನು ಹೇಗೆ ಹಾಡುತ್ತಾರೆ ಅನ್ನುವುದರಲ್ಲೇ ಆ ರಾತ್ರಿ ಹೇಗಿತ್ತು ಅನ್ನುವುದು ಗೊತ್ತಾಗಿಬಿಡುತ್ತದೆ.

ಕೊನೆಯಿಂದ ಶುರು ಮಾಡೋಣ. ಐದನೆಯ ಸ್ಥಾನ 2006ರ 'ಉತಾದ ಯುನೈಟೆಡ್' ಪ್ರವಾಸಕ್ಕೆ. ಇದನ್ನು ಕೆಳಗೆ ಇಟ್ಟಿದ್ದಕ್ಕೆ ನನ್ನ ಗೆಳೆಯನ ಜೊತೆ ಇನ್ನೂ ಜಗಳ ಇದೆ. ನೋಡಲು ಭರ್ಜರಿ. ದೊಡ್ಡ ಪರದೆ, ಬಣ್ಣ, ಉಡುಪು, ಇಂಗ್ಲಿಷ್ ಆಲ್ಬಮ್‌ನ ಹಾಡುಗಳೂ ಜಪಾನಿ ಹಾಡುಗಳೂ ಒಂದೇ ರಾತ್ರಿಯಲ್ಲಿ. ಆದರೆ ದನಿ ದಣಿದದ್ದು ನನ್ನ ಕಿವಿಗೆ ಕೇಳಿಸುತ್ತದೆ. ಹಿಕಾರು ಅವರದು ತೆಳುವಾದ, ಉಸಿರು ಬೆರೆತ ದನಿ. ಅದರಲ್ಲೊಂದು ಸಣ್ಣ ನಡುಕ ಇದೆ. ಜಾತ್ರೆಯ ಗದ್ದಲದ ನಡುವೆ ಗುಟ್ಟು ಹೇಳಿದರೆ ಯಾರಿಗೆ ಕೇಳಿಸುತ್ತದೆ?

ನಾಲ್ಕನೆಯದು 2000ದ ಬೇಸಿಗೆಯ ಮೊದಲ ಪ್ರವಾಸ, 'ಬೊಹೀಮಿಯನ್ ಸಮ್ಮರ್'. ಹದಿನೇಳು ವರ್ಷ. ಹಾಡಿಗಿಂತ ಹಾಡುಗಳ ನಡುವಿನ ಮಾತು ಚೆನ್ನ. ಜಪಾನಿನಲ್ಲಿ ಈ ಮಾತಿಗೆ 'ಎಂಸೀ' ಅನ್ನುತ್ತಾರೆ, ಅಭಿಮಾನಿಗಳು ಅದನ್ನೂ ಹಾಡಿನಷ್ಟೇ ನೆನಪಿಟ್ಟುಕೊಳ್ಳುತ್ತಾರೆ. ಹಿಕಾರು ಮಾತಾಡುವುದು ಕಾಲೇಜಿನ ಕಾರಿಡಾರಿನಲ್ಲಿ ನಿಂತು ಹರಟೆ ಹೊಡೆದ ಹಾಗೆ. ಕ್ರೀಡಾಂಗಣ ತುಂಬ ಜನ ಇದ್ದಾರೆ ಅನ್ನುವ ಭಯವೂ ಇಲ್ಲ, ಹಮ್ಮೂ ಇಲ್ಲ.

ಮೂರನೆಯ ಸ್ಥಾನ 2004ರ ಫೆಬ್ರವರಿಯ ಬುಡೋಕಾನ್‌ಗೆ. ಟೋಕಿಯೋದ ಬುಡೋಕಾನ್ ಸಭಾಂಗಣವನ್ನು ಕಟ್ಟಿದ್ದು 1964ರ ಒಲಿಂಪಿಕ್ಸ್‌ನ ಜೂಡೋಗಾಗಿ. 1966ರಲ್ಲಿ ಇಂಗ್ಲೆಂಡಿನ ಬೀಟಲ್ಸ್ ತಂಡ ಅಲ್ಲಿ ಹಾಡಿದ ಮೇಲೆ, ಅಲ್ಲಿ ಹಾಡುವುದೆಂದರೆ ಜಪಾನಿನ ಕಲಾವಿದರಿಗೆ ಒಂದು ಪಟ್ಟ ಸಿಕ್ಕಿದ ಹಾಗೆ. ಹಿಕಾರು ಅಲ್ಲಿ ಐದು ರಾತ್ರಿ ಹಾಡಿದರು. ನಡುವೆ 2002ರಲ್ಲಿ ಅವರಿಗೆ ಒಂದು ಶಸ್ತ್ರಚಿಕಿತ್ಸೆ ಆಗಿತ್ತು, ಹಾಡು ಕೆಲವು ಕಾಲ ನಿಂತಿತ್ತು. ಹಾಗಾಗಿ 2000ದ ಪ್ರವಾಸದ ಮೇಲೆ ದೊಡ್ಡ ವೇದಿಕೆಗೆ ಮರಳಿದ್ದು ಇಲ್ಲೇ. ಇಲ್ಲಿ 'ಫಸ್ಟ್ ಲವ್' ಹಾಡುವ ಇಪ್ಪತ್ತೊಂದರ ಹಿಕಾರು ಸ್ವಲ್ಪ ಅವಸರ ಮಾಡುತ್ತಾರೆ. ಹಳೇ ಪತ್ರ ಸಿಕ್ಕಾಗ ಓದಿ ಬೇಗ ಮಡಚಿಡುವವರ ಹಾಗೆ. ನನಗೆ ಆ ಅವಸರ ಇಷ್ಟ.

2010ರ ಆರಂಭದಲ್ಲಿ ಅಮೆರಿಕದ ಊರುಗಳಲ್ಲೂ ಲಂಡನ್‌ನಲ್ಲೂ ಚಿಕ್ಕ ಕ್ಲಬ್‌ಗಳಲ್ಲಿ ಅವರು ಹಾಡಿದ್ದುಂಟು. ನಾನು ನೋಡಿರುವುದು ಅಭಿಮಾನಿಗಳು ಹಿಡಿದ ಅಲುಗಾಡುವ ತುಣುಕುಗಳನ್ನು ಮಾತ್ರ. ಅದಕ್ಕೆ ಸ್ಥಾನ ಕೊಡುವುದು ಅನ್ಯಾಯ. 2022ರಲ್ಲಿ ಅಮೆರಿಕದ ಕೋಚೆಲ್ಲಾ ಸಂಗೀತ ಉತ್ಸವದಲ್ಲಿ ಹಾಡಿದ್ದೂ ಚೆನ್ನಾಗಿತ್ತು, ಆದರೆ ಕೈತುತ್ತಿನಷ್ಟು ಚಿಕ್ಕದು. ಮುಂದಕ್ಕೆ ಹೋಗೋಣ.

ಎರಡನೆಯ ಸ್ಥಾನ, 'ವೈಲ್ಡ್ ಲೈಫ್'. 2010ರ ಡಿಸೆಂಬರ್ 8 ಮತ್ತು 9, ಯೊಕೊಹಾಮ ಅರೀನಾ. ಹೆಚ್ಚಿನವರು ಇದನ್ನೇ ಮೊದಲಿಗೆ ಇಡುತ್ತಾರೆ. ಆ ವರ್ಷದ ಆಗಸ್ಟ್‌ನಲ್ಲಿ ಹಿಕಾರು ಒಂದು ಸುದ್ದಿ ಹೇಳಿದ್ದರು: ಹಾಡುವುದನ್ನು ನಿಲ್ಲಿಸಿ 'ನಿಂಗೆನ್ ಕಾತ್ಸುದೋ' ಮಾಡುತ್ತೇನೆ ಅಂತ. ಅಂದರೆ ಮನುಷ್ಯರಾಗಿ ಬದುಕುವ ಕೆಲಸ. ಹದಿನೈದರಿಂದ ನಕ್ಷತ್ರವಾಗಿದ್ದವರಿಗೆ ಬಿಲ್ಲು ಕಟ್ಟುವುದು, ಬಟ್ಟೆ ಒಗೆಯುವುದು, ಸುಮ್ನೆ ಬೀದಿಯಲ್ಲಿ ನಡೆಯುವುದು, ಇದೆಲ್ಲ ಒಂದು ಆಸೆಯಾಗಿ ಉಳಿದರೆ ಆಶ್ಚರ್ಯ ಏನಿದೆ? ಎಷ್ಟು ವರ್ಷ ಅಂತ ಹೇಳಿರಲಿಲ್ಲ. ಆದ್ದರಿಂದ ಆ ಎರಡು ರಾತ್ರಿ ಬಂದವರೆಲ್ಲ ಬೀಳ್ಕೊಡಲು ಬಂದವರೇ.

ಆದರೆ ಅಳುಮುಂಜಿ ಕಾರ್ಯಕ್ರಮ ಅಲ್ಲ ಅದು. ವೇದಿಕೆ ನಡುವೆ, ಜನ ಸುತ್ತಲೂ. ಭಾರವಾದ ಹಾಡುಗಳು ಆದ ಮೇಲೆ, ಕರಡಿಮರಿಯ ಬಗ್ಗೆ ತಾವೇ ಬರೆದ ಮಕ್ಕಳ ಹಾಡು ಬರುತ್ತದೆ! ಅರೀನಾ ತುಂಬ ದೊಡ್ಡವರು ಮಕ್ಕಳಂತೆ ಕೂತು ಕೇಳುತ್ತಾರೆ. ಮೊದಲ ರಾತ್ರಿ ಡಿಸೆಂಬರ್ 8, ಬೀಟಲ್ಸ್ ತಂಡದ ಜಾನ್ ಲೆನನ್ ತೀರಿಕೊಂಡು ಸರಿಯಾಗಿ 30 ವರ್ಷ. ಅವತ್ತು ಎನ್‌ಕೋರ್‌ನಲ್ಲಿ, ಅಂದರೆ ಕಾರ್ಯಕ್ರಮ ಮುಗಿದ ಮೇಲೆ ಮತ್ತೆ ಬಂದು ಹಾಡುವಾಗ, ಬೀಟಲ್ಸ್‌ನ 'ಅಕ್ರಾಸ್ ದ ಯೂನಿವರ್ಸ್' ಹಾಡಿದರು. ಮರುದಿನ ಡಿಸೆಂಬರ್ 9, ಅವರ ಮೊದಲ ಸಿಂಗಲ್ ಬಂದ ದಿನ. ಬಂದ ದಿನವೇ ಹೊರಡುವುದು.

'ಫಸ್ಟ್ ಲವ್' ಇಲ್ಲಿ ಬಹಳ ಚೆನ್ನಾಗಿದೆ. ತಪ್ಪೇ ಇಲ್ಲ. ಅದೇ ನನ್ನ ಸಣ್ಣ ತಕರಾರು ಕೂಡ. ಹೊರಡುವ ಮುಂಚೆ ಮನೆಯನ್ನು ಗುಡಿಸಿ ಒರೆಸಿ ಇಟ್ಟ ಹಾಗಿದೆ.

ಆಮೇಲಿನ ವರ್ಷಗಳು ಹಗುರವಾಗಿರಲಿಲ್ಲ. ಅವರ ತಾಯಿ ಫುಜಿ ಕೇಯಿಕೊ, ಎನ್ಕಾ ಅನ್ನುವ ಜಪಾನಿನ ಹಳೇ ಧಾಟಿಯ ಭಾವುಕ ಹಾಡುಗಳಲ್ಲಿ ದೊಡ್ಡ ಹೆಸರು. ಅಭಿಮಾನಿಗಳು ಮಗುವಿನ ದನಿಯ ನಡುಕದಲ್ಲಿ ತಾಯಿಯನ್ನು ಹುಡುಕುತ್ತಾರೆ. ಆ ತಾಯಿ 2013ರ ಆಗಸ್ಟ್‌ನಲ್ಲಿ ತೀರಿಕೊಂಡರು. 2016ರಲ್ಲಿ ಹಿಕಾರು ಮರಳಿ ಬಂದದ್ದು ಆ ದುಃಖವನ್ನೇ ಕೈಯಲ್ಲಿ ಹಿಡಿದುಕೊಂಡು.

ಮೊದಲ ಸ್ಥಾನ, 2018ರ 'ಲಾಫ್ಟರ್ ಇನ್ ದ ಡಾರ್ಕ್'. ಕತ್ತಲಲ್ಲಿ ನಗು. ಜಪಾನಿನೊಳಗೆ 12 ವರ್ಷದ ಮೇಲೆ ಮಾಡಿದ ಪ್ರವಾಸ. ಕೊನೆಯ ರಾತ್ರಿ ಚಿಬಾದ ಮಕುಹಾರಿ ಮೆಸ್ಸೆಯಲ್ಲಿ, ಮತ್ತೆ ಅದೇ ಡಿಸೆಂಬರ್ 9. ಮೊದಲ ಹಾಡು ಬಂದು 20 ವರ್ಷ. ಜಪಾನಿನ ಕಾರ್ಯಕ್ರಮಗಳಲ್ಲಿ ಫೋನ್ ಹೊರಗೆ ತೆಗೆದರೆ ಸಿಬ್ಬಂದಿ ಓಡಿ ಬರುವುದು ಸಾಮಾನ್ಯ. ಇಲ್ಲಿ ಹಿಕಾರು ಫೋಟೋ, ವಿಡಿಯೋ ತೆಗೆಯಲು ಬಿಟ್ಟರು. ನಡುವೆ ಹಾಡು ನಿಲ್ಲಿಸಿ, ಹಾಸ್ಯ ಕಲಾವಿದರೂ ಕಾದಂಬರಿಕಾರರೂ ಆದ ಮತಯೋಶಿ ನಾವೊಕಿ ಅವರ ಜೊತೆ ಮಾಡಿದ ಒಂದು ತಮಾಷೆಯ ಕಿರುಚಿತ್ರ ತೋರಿಸಿದರು. ತಾಯಿಗಾಗಿ ಬರೆದ ಹಾಡುಗಳಿರುವ ಸಂಜೆಯಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಗಿಸುವುದು! ಹೆಸರಿಗೆ ತಕ್ಕ ಹಾಗೆ.

ವೇದಿಕೆಯ ಮೇಲೆ ಓಡಾಟ ಇಲ್ಲ, ಕುಣಿತವೂ ಅಷ್ಟಕ್ಕಷ್ಟೇ. ತಂತಿವಾದ್ಯಗಳು, ಒಂದು ಬಿಗಿಯಾದ ಬ್ಯಾಂಡ್, ನಡುವೆ ನಿಂತ ಒಬ್ಬರು. ಬರೀ ನಿಂತೇ ಇರುವುದಕ್ಕೆ ಅವರಿಗೆ ಇಪ್ಪತ್ತು ವರ್ಷ ಹಿಡಿಯಿತು ಅನ್ನಿಸುತ್ತದೆ ನನಗೆ.

ಕೊನೆಯ ಭಾಗದಲ್ಲಿ 'ಫಸ್ಟ್ ಲವ್' ಬರುತ್ತದೆ. ಅವಸರ ಇಲ್ಲ, ಒಪ್ಪ ಓರಣವೂ ಇಲ್ಲ. ಎತ್ತರದ ಸ್ವರ ತಲುಪುವ ಮುಂಚೆ ದನಿ ಸ್ವಲ್ಪ ಸೀಳುತ್ತದೆ, ಅದನ್ನು ಅವರು ಮುಚ್ಚಿಡುವುದಿಲ್ಲ. ಚಪ್ಪಾಳೆ ಮುಗಿಯುತ್ತದೆ. ಮುಂದಿನ ಹಾಡು 'ಹತ್ಸುಕೋಯಿ'. ಅದೇ ವರ್ಷ ಬಂದ ಹೊಸ ಹಾಡು. ಜಪಾನಿಯಲ್ಲಿ ಆ ಮಾತಿನ ಅರ್ಥವೂ ಮೊದಲ ಪ್ರೀತಿ ಅಂತಲೇ.

ಹದಿನಾರರಲ್ಲಿ ಹಾಡಿದ ಮೊದಲ ಪ್ರೀತಿ, ಅದರ ಬೆನ್ನಿಗೇ ಮೂವತ್ತೈದರಲ್ಲಿ ಹಾಡಿದ ಮೊದಲ ಪ್ರೀತಿ. ಮೊದಲನೆಯದರಲ್ಲಿ ಪ್ರೀತಿ ಮುಗಿದಿದೆ. ಎರಡನೆಯದರಲ್ಲಿ ಎದೆಯ ಬಡಿತ ಈಗಷ್ಟೇ ಶುರುವಾಗಿದೆ. ಲೆಕ್ಕ ಉಲ್ಟಾ, ಅಲ್ವಾ? ನನ್ನ ಗೆಳೆಯನಿಗೆ ಇದನ್ನು ಹೇಳಿದೆ. ಅವನು ಒಪ್ಪಲಿಲ್ಲ, 'ವೈಲ್ಡ್ ಲೈಫ್' ಬಿಟ್ಟರೆ ಬೇರೆ ಇಲ್ಲ ಅಂದ. ಆಮೇಲೆ ಆ ಎರಡು ಹಾಡನ್ನು ಮತ್ತೊಮ್ಮೆ ಹಾಕು ಅಂದ.

ನೀವೂ ಕೇಳಿ. ಮೊದಲು 'ಫಸ್ಟ್ ಲವ್', ಅದರ ಬೆನ್ನಿಗೆ 'ಹತ್ಸುಕೋಯಿ'.